ಹೆರಿಗೆ ಆದ್ಮೇಲೆ ತಾಯಿ ಮನಸ್ಸನ್ನ ಯಾರು ವಿಚಾರಿಸ್ತಾರೆ? ಸರ್ಕಾರದಲ್ಲಿ ಇದಕ್ಕೆ ಎಂತ ಇದೆ?

ಸಾಗರದ_ಸೊಸೆ:
ಎಲ್ರಿಗೂ ನಮಸ್ಕಾರ. ನನ್ನ ತಂಗಿ ವಿಷ್ಯ ಇದು, ಹೆಸ್ರು ಬೇಡ, ಹೊಸನಗರ ತಾಲೂಕಿನ ಒಳಗಿನ ಒಂದು ಹಳ್ಳಿ ಅಂದ್ಕೊಳಿ. ಸಿಸೇರಿಯನ್ ಆಗಿ ಎರಡು ತಿಂಗ್ಳು ದಾಟ್ತು. ಮಗು ಗುಂಡಗಿದೆ, ಲಸಿಕೆ ಎಲ್ಲ ಟೈಮಿಗೆ ಆಗಿದೆ. ಆದ್ರೆ ಇವಳು ಮೊದಲಿನ ಹಾಗೆ ಇಲ್ಲವೇ ಇಲ್ಲ. ಮಗು ಮಲಗಿದ್ರೂ ಇವಳಿಗೆ ನಿದ್ದೆ ಇಲ್ಲ, ತಟ್ಟೆ ಮುಂದೆ ಸುಮ್ನೆ ಕೂತಿರ್ತಾಳೆ, ಮೊನ್ನೆ ಅಮ್ಮನ ಹತ್ರ "ನೀವೇ ನೋಡ್ಕಳಿ ಅದನ್ನ, ನಾನಿಲ್ದಿದ್ರೇ ಅದಕ್ಕೆ ಒಳ್ಳೇದು" ಅಂದಳಂತೆ. ಅಮ್ಮ ಬಾಣಂತನದ ಸುಸ್ತು ಅಂತ ಕಷಾಯ ಕೊಡ್ತಿದಾರೆ, ದೊಡ್ಡಪ್ಪ ದೃಷ್ಟಿ ಆಗಿದೆ ತಾಯತ ಕಟ್ಸಿ ಅಂತಾರೆ.

ನಂಗೆ ಸಂಕಟ ಆಗೋದು ಎಂತಕ್ಕೆ ಅಂದ್ರೆ, ಬಸುರಿ ಇದ್ದಾಗ ಬಿಪಿ ನೋಡಿದ್ರು, ರಕ್ತ ನೋಡಿದ್ರು, ಐರನ್ ಮಾತ್ರೆ ಕೊಟ್ರು, ಹೆರಿಗೆ ಆದ್ಮೇಲೂ ಆಶಾ ಮನೆಗೆ ಬಂದು ಮಗು ತೂಕ ಬರ್ಕೊಂಡು ಹೋದ್ರು. ಅವಳ ಮನಸ್ಸು ಹೇಗಿದೆ ಅಂತ ಒಬ್ರೂ ಕೇಳ್ಲಿಲ್ಲ. ತಾಯಂದಿರು ಸಾಯಬಾರ್ದು ಅಂತ ಇಷ್ಟೊಂದು ಯೋಜನೆ ಇದೆ, ಇದಕ್ಕೆ ಎಂತದೂ ಇಲ್ವಾ?

ತುಮರಿ_ಕಡೆಯವ:
ಅಕ್ಕ, ಯೋಜನೆ ವಿಷ್ಯ ಆಮೇಲೆ ಮಾತಾಡೋಣ. ಆ ಮಾತು ಆಡಿದಾಳೆ ಅಂದ್ರೆ ರಾತ್ರಿ ಒಬ್ಳನ್ನೇ ಬಿಡ್ಬೇಡಿ. 14416ಗೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ನರ್ಸಕ್ಕ:
ಮೇಲಿನವರು ಹೇಳಿದ್ದು ಸರಿ. ನಾನು ಸರ್ಕಾರಿ ಆಸ್ಪತ್ರೆ ಹೆರಿಗೆ ವಾರ್ಡಲ್ಲಿ ಇರೋಳು, ಸ್ವಲ್ಪ ಬಿಡಿಸಿ ಹೇಳ್ತೀನಿ.

ಹೆರಿಗೆ ಆಗಿ ಮೂರ್ನಾಲ್ಕು ದಿನಕ್ಕೆ ಸುಮ್ ಸುಮ್ನೆ ಅಳು ಬರೋದು, ಸಿಡುಕೋದು ಇದು ತುಂಬ ಜನಕ್ಕೆ ಆಗತ್ತೆ, ಎರಡು ವಾರದೊಳಗೆ ತಾನಾಗೇ ಇಳಿಯತ್ತೆ. ಎರಡು ವಾರ ಆದ್ರೂ ಇಳೀಲಿಲ್ಲ, ನಿದ್ದೆ ಊಟ ಬಿಟ್ಟೋಯ್ತು, ಮಗು ಮೇಲೆ ಆಸೆನೇ ಹುಟ್ತಿಲ್ಲ, ನಾನು ಕೆಟ್ಟ ತಾಯಿ ಅಂತ ಕೊರಗ್ತಾಳೆ ಅಂದ್ರೆ ಅದು ಖಿನ್ನತೆ, ಚಿಕಿತ್ಸೆ ಬೇಕು. ಮೂರನೇದು ಬೇರೆ, ಹಿರಿಯರು ಬಾಣಂತಿ ಸನ್ನಿ ಅಂತಾರಲ್ಲ, ಸಾವಿರಕ್ಕೆ ಒಂದೋ ಎರಡೋ ಬಾಣಂತಿಗೆ ಬರತ್ತೆ, ಇಲ್ಲದ್ದು ಕಾಣತ್ತೆ ಕೇಳತ್ತೆ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ನಿಮ್ ತಂಗಿದು ಕೇಳಿದ್ರೆ ಎರಡನೇದು ಅನ್ಸತ್ತೆ, ಆದ್ರೆ ತೀರ್ಮಾನ ಮಾಡ್ಬೇಕಾದವರು ಡಾಕ್ಟ್ರು.

ಸರ್ಕಾರದಲ್ಲಿ ಎಂತ ಇದೆ ಅಂದ್ರಲ್ಲ, ಇದೆ. ಮನೋಚೈತನ್ಯ ಅಂತ, ತಾಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ತಜ್ಞರು ಬರೋ ಕಾರ್ಯಕ್ರಮ. ಹೋಗೋ ಮೊದ್ಲು ಫೋನ್ ಮಾಡಿ ಆ ವಾರ ಬರ್ತಾರಾ ಕೇಳ್ಕಳಿ. ಇಲ್ಲಾಂದ್ರೆ ನೇರ ಶಿವಮೊಗ್ಗ ಮೆಗ್ಗಾನ್ ಆಸ್ಪತ್ರೆ ಮಾನಸಿಕ ವಿಭಾಗ. ತೀರಾ ಜಾಸ್ತಿ ಆದ್ರೆ ಬೆಂಗ್ಳೂರು ನಿಮ್ಹಾನ್ಸಲ್ಲಿ ತಾಯಿ ಮಗು ಇಬ್ರನ್ನೂ ಒಟ್ಟಿಗೆ ದಾಖಲು ಮಾಡ್ಕೊಳೋ ವಾರ್ಡೇ ಇದೆ, 2009ರಿಂದ. ಮಗುನ ಬಿಟ್ಟು ಇರ್ಬೇಕಲ್ಲ ಅಂತ ಹೆದರೋದು ಬೇಡ.

ಇನ್ನೊಂದು ಮಾತು, ದಯವಿಟ್ಟು ಇವತ್ತೇ ಮಾಡಿ. ತೋಟದ ಮನೆ ಅಂದ್ರೆ ಕಳೆನಾಶಕ, ಮೈಲುತುತ್ತ ಎಲ್ಲ ಹಿಂದಿನ ಜಗಲಿಲೇ ಬಿದ್ದಿರತ್ತೆ. ಅದನ್ನ ಬೀಗ ಹಾಕಿ ಇಡಿ, ಬೀಗದ ಕೈ ಬೇರೆಯವ್ರ ಹತ್ರ ಇರ್ಲಿ.

ಸಾಗರದ_ಸೊಸೆ:
ಅಕ್ಕ ಓದಿ ಕೈ ನಡುಗ್ತು. ಅಪ್ಪಂಗೆ ಈಗ್ಲೇ ಫೋನ್ ಮಾಡಿದೆ, ಔಷಧಿ ಡಬ್ಬ ಎಲ್ಲ ಪಂಪ್ ಶೆಡ್ಡಿಗೆ ಹಾಕಿ ಬೀಗ ಹಾಕ್ತಿದಾರೆ. ನಾಳೆ ಬೆಳಿಗ್ಗೆ ನಾನೇ ಹೊರಡ್ತಿದೀನಿ.

ಮೇಷ್ಟ್ರು_ಕೋಣಂದೂರು:
ನಮ್ಮಜ್ಜಿ ಹನ್ನೊಂದು ಹೆತ್ತವರು, ಖಿನ್ನತೆ ಪನ್ನತೆ ಯಾವುದೂ ಇರ್ಲಿಲ್ಲ. ಈಗಿನವರಿಗೆ ಎಲ್ಲದಕ್ಕೂ ಕೌನ್ಸೆಲಿಂಗ್ ಬೇಕು. ಸರ್ಕಾರ ಮೊದ್ಲು ಜೀವ ಉಳಿಸ್ಲಿ, ಮನಸ್ಸಿನ ವಿಚಾರ ಆಮೇಲೆ.

ಕೊಪ್ಪದ_ಹುಡ್ಗಿ:
ಮೇಷ್ಟ್ರೇ, ಹನ್ನೊಂದು ಹೆತ್ತ ಅಜ್ಜಿಗೆ ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರಾ? ನಮ್ಮ ಮನೇಲೂ ಅಜ್ಜನ ತಂಗಿ ಒಬ್ರು ಮೂರನೇ ಬಾಣಂತನದಲ್ಲಿ ಬಾವಿಗೆ ಬಿದ್ರು. ಕಾಲು ಜಾರ್ತು ಅಂತಲೇ ಎಲ್ರೂ ಹೇಳ್ಕೊಂಡು ಬಂದಿದ್ದು. ಅಜ್ಜಿ ಸಾಯೋ ಮುಂಚೆ ನಿಜ ಹೇಳಿದ್ರು.

ಅಂಕಿ_ಅಂಶ:
ಮೇಷ್ಟ್ರಿಗೆ. ಜೀವ ಬೇರೆ ಮನಸ್ಸು ಬೇರೆ ಅಂತ ನೀವು ಇಟ್ಟಿದೀರಲ್ಲ, ಲೆಕ್ಕ ತಪ್ಪೋದೇ ಅಲ್ಲಿ.

ಮೊದ್ಲು ಆಗಿರೋ ಒಳ್ಳೇದನ್ನ ಹೇಳ್ತೀನಿ, ಅದೇನು ಕಮ್ಮಿ ಇಲ್ಲ. 2001-03ರ ಎಸ್‌ಆರ್‌ಎಸ್ ಅಂದ್ರೆ ಕೇಂದ್ರ ಸರ್ಕಾರದ ಜನನ ಮರಣ ಸಮೀಕ್ಷೆ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯ್ತಿದ್ರು. 2018-20ಕ್ಕೆ ಅದು 69ಕ್ಕೆ ಬಂತು, 2019-21ಕ್ಕೆ 63. 2005ರ ಜನನಿ ಸುರಕ್ಷಾ ಯೋಜನೆ ಬಂದ್ಮೇಲೆ ಹೆರಿಗೆಗಳು ಮನೆ ಬಿಟ್ಟು ಆಸ್ಪತ್ರೆಲಿ ಆಗೋಕೆ ಶುರುವಾದ್ವು, 2008ರಲ್ಲಿ 108 ಆಂಬುಲೆನ್ಸ್ ಬಂತು, 2011ರಿಂದ ಸರ್ಕಾರಿ ಆಸ್ಪತ್ರೇಲಿ ಸಿಸೇರಿಯನ್ನು, ರಕ್ತ, ಊಟ, ಓಡಾಟ ಎಲ್ಲ ಉಚಿತ ಅಂತಾಯ್ತು, 2016ರಿಂದ ಪ್ರತಿ ತಿಂಗಳು 9ನೇ ತಾರೀಕು ಬಸುರಿಯರನ್ನ ಡಾಕ್ಟ್ರೇ ನೋಡೋದು ಶುರುವಾಯ್ತು. ಇದೆಲ್ಲ ಸೇರಿ ಇಳಿಸಿದ್ದು. ಆದ್ರೂ 2018-20ರಲ್ಲಿ ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19. ದಕ್ಷಿಣದ ಐದು ರಾಜ್ಯದಲ್ಲಿ ನಾವೇ ಕೊನೆ.

ಈಗ ಮುಖ್ಯ ವಿಷ್ಯ. ಈ ಲೆಕ್ಕಕ್ಕೆ ತಾಯಿ ಸಾವು ಅಂತ ಹಿಡಿಯೋದು ಹೆರಿಗೆ ಆಗಿ 42 ದಿನದೊಳಗಿನ ಸಾವನ್ನ ಮಾತ್ರ. 43ನೇ ದಿನ ಬಾವಿಗೆ ಬಿದ್ರೆ ಅದು ಈ 63ರಲ್ಲಿ ಬರಲ್ಲ. ಬ್ರಿಟನ್ನಲ್ಲಿ ಒಂದು ವರ್ಷದವರೆಗಿನ ಸಾವನ್ನೂ ಒಂದೊಂದಾಗಿ ತೆಗೆದು ನೋಡ್ತಾರೆ, ಅಲ್ಲಿ ಆರು ವಾರದಿಂದ ಒಂದು ವರ್ಷದೊಳಗೆ ಹೆರಿಗೆಗೆ ನೇರ ಸಂಬಂಧಪಟ್ಟ ಸಾವಿಗೆ ಮೊದಲ ಕಾರಣ ಆತ್ಮಹತ್ಯೆ. ಕೇರಳ 2004ರಿಂದ ಪ್ರತಿ ತಾಯಿ ಸಾವನ್ನ ಹೆಸ್ರು ಬಚ್ಚಿಟ್ಟು ಪರಿಶೀಲನೆ ಮಾಡ್ತಾ ಬಂದಿದೆ, ಅಲ್ಲೂ ರಕ್ತಸ್ರಾವ ಬಿಪಿ ಸಾವು ಕಮ್ಮಿ ಆಗ್ತಿದ್ದ ಹಾಗೆ ಆತ್ಮಹತ್ಯೆ ಎದ್ದು ಕಾಣೋಕೆ ಶುರುವಾಯ್ತು. ಅದ್ಕೇ ಅವ್ರು ಅಮ್ಮ ಮನಸ್ಸ್ ಅಂತ ಒಂದು ಕಾರ್ಯಕ್ರಮನೇ ಮಾಡಿದ್ರು. ಜೀವ ಉಳಿಸೋಕೇ ಮನಸ್ಸು ನೋಡ್ಬೇಕು ಮೇಷ್ಟ್ರೇ.

ಮೇಷ್ಟ್ರು_ಕೋಣಂದೂರು:
42 ದಿನದ ವಿಷ್ಯ ಯೋಚನೆ ಮಾಡೋ ಅಂಥದ್ದು. ಆದ್ರೂ ನಾನು ಕೇಳೋದು ಇಷ್ಟೇ, ಬಳ್ಳಾರಿಲಿ ಗ್ಲೂಕೋಸ್ ಬಾಟ್ಲಿ ಕೊಟ್ಟೇ ಬಾಣಂತಿಯರು ಹೋದ್ರು. ಬಾಟ್ಲಿ ಸರಿ ಇಡಕ್ಕಾಗದ ವ್ಯವಸ್ಥೆ ಮನಸ್ಸು ನೋಡತ್ತಾ?

ಭದ್ರಾವತಿ_ಬೆಂಕಿ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ಮೊದ್ಲು ಔಷಧಿ ಟೆಂಡರ್ ಸರಿ ಮಾಡ್ಲಿ.

ಅಂಕಿ_ಅಂಶ:
ಬಳ್ಳಾರಿದು 2024ರ ನವೆಂಬರ್. ಗ್ಲೂಕೋಸ್ ಅಲ್ಲ, ರಿಂಗರ್ ಲ್ಯಾಕ್ಟೇಟ್ ದ್ರಾವಣ. ಅದಾದ್ಮೇಲೆ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಿ ಸಾವನ್ನ ಆಡಿಟ್ ಮಾಡಿಸ್ತು, ಅದರಲ್ಲಿ 70 ಪರ್ಸೆಂಟಿಗೂ ಹೆಚ್ಚು ತಡೀಬಹುದಿತ್ತು ಅಂತ ಬಂತು. ಬಾಟ್ಲಿ ಒಂದೇ ಕಾರಣ ಅಲ್ಲ, ತಡವಾಗಿ ಕಳ್ಸಿದ್ದು, ಬಿಪಿ ಏರಿದ್ದು ಗಮನಿಸ್ದೇ ಇದ್ದಿದ್ದು, ರಕ್ತ ಸಿಗದೇ ಇದ್ದಿದ್ದು ಇವೇ ಯಾವಾಗ್ಲೂ ಕೊಲ್ಲೋದು.

ತುಮರಿ_ಕಡೆಯವ:
ತಡ ಅಂದ್ರೆ ಏನು ಅಂತ ನಮ್ಮನ್ನ ಕೇಳಿ. ಶರಾವತಿ ಹಿನ್ನೀರಿನ ಆಚೆ ದಡ ನಮ್ದು. ಸಿಗಂದೂರು ಸೇತುವೆ ಆಗಿದ್ದು 2025ರ ಜುಲೈಲಿ. ಅದಕ್ಕೂ ಮುಂಚೆ ಹಿನ್ನೀರು ದಾಟಿಸೋ ಲಾಂಚ್ ಸಂಜೆ ನಿಂತ್ರೆ ಮುಗೀತು, ರಾತ್ರಿ ನೋವು ಶುರುವಾದ್ರೆ ಲಾಂಚಿನವರನ್ನ ಕೂಗಿ ಎಬ್ಬಿಸ್ಬೇಕು, ಇಲ್ಲಾ ಘಟ್ಟ ಸುತ್ತಿ ಹೋಗ್ಬೇಕು. ನಮ್ಮ ಕಡೆ ಬಸುರಿಯರು ದಿನ ತುಂಬೋಕೆ ಮೊದ್ಲೇ ಸಾಗರದಲ್ಲಿ ನೆಂಟರ ಮನೆ ಸೇರ್ಕೊಂಡು ಬಿಡ್ತಿದ್ರು. ನೆಂಟರು ಇಲ್ಲದವ್ರು? ಬಾಡಿಗೆ ರೂಮು. ಅದೂ ಇಲ್ಲದವ್ರು ದೇವ್ರ ಮೇಲೆ ಭಾರ. ಸೇತುವೆನ ಎಲ್ರೂ ದೇವಸ್ಥಾನಕ್ಕೆ ಅನುಕೂಲ ಆಯ್ತು ಅಂತಾರೆ, ನಂಗೆ ಅದು ಹೆರಿಗೆ ಸೇತುವೆ.

ಆಗುಂಬೆ_ಮಳೆ:
ನಮ್ಮಲ್ಲಿ ಸೇತುವೆ ಇದೆ, ನೆಟ್‌ವರ್ಕ್ ಇಲ್ಲ. 108ಗೆ ಫೋನ್ ಮಾಡೋಕೆ ಗುಡ್ಡ ಹತ್ಬೇಕು. 14416 ಅಂತ ಚೆಂದ ಹೇಳ್ತೀರಿ, ಬಾಣಂತಿ ಕೋಣೆಯೊಳಗೆ ಸಿಗ್ನಲ್ಲೇ ಬರಲ್ವಲ್ಲ.

ನರ್ಸಕ್ಕ:
ಸಿಗ್ನಲ್ ಮಾತ್ರ ಅಲ್ಲ, ಕರೆಂಟು ಕೂಡ. ಹೆರಿಗೆ ಆದ ಕೂಡ್ಲೇ ರಕ್ತ ನಿಲ್ಲಿಸೋಕೆ ಕೊಡೋ ಆಕ್ಸಿಟೋಸಿನ್ ಇಂಜೆಕ್ಷನ್ನು 2ರಿಂದ 8 ಡಿಗ್ರಿ ಒಳಗೆ ಇರ್ಬೇಕು. ಜುಲೈ ಆಗಸ್ಟಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ದೇ ಇದ್ರೆ, ಜನರೇಟರಿಗೆ ಡೀಸೆಲ್ ಇಲ್ದೇ ಇದ್ರೆ, ಬಾಟ್ಲಿ ನೋಡೋಕೆ ಹಾಗೇ ಇರತ್ತೆ, ಒಳಗೆ ಶಕ್ತಿ ಹೋಗಿರತ್ತೆ. ರಕ್ತ ಹೋಗಿದ್ದು ಎಷ್ಟು ಅಂತ ಕಣ್ಣಂದಾಜಲ್ಲಿ ಹೇಳೋದಂತೂ ಇನ್ನೂ ಅಪಾಯ, ಯಾವಾಗ್ಲೂ ಕಮ್ಮಿನೇ ಹೇಳ್ತೀವಿ. ಸೊಂಟದ ಕೆಳಗೆ ಅಳತೆ ಗೆರೆ ಇರೋ ಪ್ಲಾಸ್ಟಿಕ್ ಚೀಲ ಹಾಸಿ, ಮಿತಿ ದಾಟಿದ ತಕ್ಷಣ ಗರ್ಭಕೋಶ ತಿಕ್ಕೋದು, ಆಕ್ಸಿಟೋಸಿನ್, ರಕ್ತ ನಿಲ್ಲಿಸೋ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ಪು ಎಲ್ಲ ಒಟ್ಟಿಗೆ ಶುರು ಮಾಡಿದ್ರೆ ಏನಾಗತ್ತೆ ಅಂತ ಆಫ್ರಿಕಾದ ನಾಲ್ಕು ದೇಶದಲ್ಲಿ ನೋಡಿದ್ರು, 2023ರಲ್ಲಿ ಬಂತು ಫಲಿತಾಂಶ. ಜೋರು ರಕ್ತಸ್ರಾವ ಆಗೋದು, ಅದಕ್ಕೆ ಆಪರೇಷನ್ ಮಾಡ್ಬೇಕಾಗೋದು, ಸಾಯೋದು, ಈ ಮೂರೂ ಸೇರಿ 60 ಪರ್ಸೆಂಟ್ ಇಳೀತು. ಹೊಸ ಔಷಧಿ ಒಂದೂ ಇಲ್ಲ ಅದ್ರಲ್ಲಿ.

ಬರೋವಾಗ್ಲೇ ರಕ್ತ ಕಮ್ಮಿ ಇರೋರು ಬೇರೆ. ಎನ್‌ಎಫ್‌ಎಚ್‌ಎಸ್-5 ಅಂದ್ರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಜನಕ್ಕೆ ರಕ್ತಹೀನತೆ. ಅಂಥವ್ರಿಗೆ ಬೇರೆಯವ್ರು ತಡ್ಕೊಳೋ ಅಷ್ಟು ರಕ್ತ ಹೋದ್ರೂ ಜೀವಕ್ಕೆ ಬರತ್ತೆ.

ಕೊಪ್ಪದ_ಹುಡ್ಗಿ:
ರಕ್ತ ಎಲ್ಲಿಂದ ಬರತ್ತೆ, ಬಾಣಂತಿಗೆ ಸೊಪ್ಪು ಕೊಡಲ್ಲ, ಮೊಟ್ಟೆ ಕೊಡಲ್ಲ, ನೀರು ಕೂಡ ಅಳತೆ ಮಾಡಿ ಕೊಡ್ತಾರೆ. ಅನ್ನ, ತುಪ್ಪ, ಮೆಣಸಿನ ಸಾರು ಅಷ್ಟೇ. ನನ್ನ ಬಾಣಂತನದಲ್ಲಿ ಬಾಯಾರಿ ಬಚ್ಚಲ ಮನೇಲಿ ಕದ್ದು ನೀರು ಕುಡೀತಿದ್ದೆ.

ಅಮ್ಮಮ್ಮನ_ಅಡಿಗೆ:
ಪಥ್ಯ ಎಲ್ಲ ಕೆಟ್ಟದ್ದು ಅನ್ನೋದೂ ಸರಿಯಲ್ಲಮ್ಮ. ಎಣ್ಣೆ ಹಚ್ಚಿ ಬಿಸಿನೀರು ಹಾಕಿ, ಮೂರು ತಿಂಗಳು ಪಾತ್ರೆ ಮುಟ್ಟೋಕೆ ಬಿಡದೆ ಮಗಳನ್ನ ನೋಡ್ಕೊಂಡಿದ್ದು ನಾನು. ಅವಳ ಪಕ್ಕ ದಿನಾ ರಾತ್ರಿ ಯಾರಾದ್ರೂ ಮಲಗ್ತಿದ್ವಿ. ಬೆಂಗ್ಳೂರಲ್ಲಿ ಗಂಡ ಹೆಂಡ್ತಿ ಇಬ್ರೇ ಇದ್ದು ಬಾಣಂತನ ಮಾಡ್ಕೊಳೋರಿಗೆ ಅದಿಲ್ಲ.

ಕೊಪ್ಪದ_ಹುಡ್ಗಿ:
ಅಮ್ಮ, ನಿಮ್ಮಂಥವ್ರ ಕೈಲಿ ಬಾಣಂತನ ಆದವ್ರು ಪುಣ್ಯವಂತ್ರು. ಆದ್ರೆ ಪಕ್ಕ ಮಲಗಿದವ್ರ ಹತ್ರ "ನಂಗೆ ಬದುಕೋಕೆ ಇಷ್ಟ ಇಲ್ಲ" ಅಂತ ಹೇಳೋ ಹಾಗಿರ್ಬೇಕಲ್ಲ. ಹೆಣ್ಣು ಹುಟ್ಟಿದೆ ಅಂತ ಅತ್ತೆ ಮನೆಯವ್ರು ನಾಮಕರಣಕ್ಕೂ ಬರ್ಲಿಲ್ಲ ಅಂದ್ರೆ ಎಷ್ಟು ಎಣ್ಣೆ ಹಚ್ಚಿದ್ರೂ ಆ ನೋವು ಹೋಗಲ್ಲ.

ಅಂಗನವಾಡಿ_ದಾರಿ:
ಊಟಕ್ಕೆ ಮಾತೃಪೂರ್ಣ ಇದೆ, 2017ರಿಂದ. ಅನ್ನ ಸಾಂಬಾರು ಮೊಟ್ಟೆ ಹಾಲು ಎಲ್ಲ ಕೊಡ್ತೀವಿ. ಆದ್ರೆ ಅಂಗನವಾಡಿಗೇ ಬಂದು ಊಟ ಮಾಡ್ಬೇಕು ಅಂತ ಮಾಡಿದ್ದು ಬಯಲುಸೀಮೆ ನೋಡ್ಕೊಂಡು. ಮಲೆನಾಡಲ್ಲಿ ಮನೆಗೊಂದು ಗುಡ್ಡ, ಏಳು ತಿಂಗಳ ಬಸುರಿ ಮಳೇಲಿ ಜಾರೋ ದಾರಿಲಿ ಒಂದು ಊಟಕ್ಕೆ ಹೇಗೆ ಬರ್ತಾಳೆ ಹೇಳಿ.

ಭದ್ರಾವತಿ_ಬೆಂಕಿ:
ಹೆರಿಗೆಗೆ ಅಂತ ಕೇಂದ್ರ ಸರ್ಕಾರ ಕೊಡೋ ಮಾತೃವಂದನಾ ದುಡ್ಡು ಯಾರಿಗಾದ್ರೂ ಬಂತಾ? ನನ್ನ ಹೆಂಡ್ತಿದು ಆಧಾರ್ ಹೆಸ್ರು ಬೇರೆ ಬ್ಯಾಂಕ್ ಹೆಸ್ರು ಬೇರೆ ಅಂತ ನಿಂತಿದೆ.

ಅಂಗನವಾಡಿ_ದಾರಿ:
ಮೊದಲ ಮಗುವಿಗೆ 5000, ಎರಡನೇದು ಹೆಣ್ಣಾದ್ರೆ 6000. ಆಧಾರ್ ಲಿಂಕ್ ಆಗಿರೋ ಖಾತೆಗೆ ಮಾತ್ರ ಬರೋದು. ಪೋಸ್ಟಾಫೀಸಲ್ಲಿ ಹೊಸ ಖಾತೆ ಮಾಡ್ಸಿ, ಬೇಗ ಆಗತ್ತೆ.

ತೀರ್ಥಳ್ಳಿ_ಟು_ಜೆರ್ಸಿ:
ನಾನು ಅಮೆರಿಕದ ನ್ಯೂಜೆರ್ಸಿಲಿ ಹೆತ್ತಿದ್ದು. ಆಸ್ಪತ್ರೆಯಿಂದ ಕಳ್ಸೋ ಮೊದ್ಲು ಒಂದು ಹಾಳೆ ಕೊಟ್ರು, ಹತ್ತು ಪ್ರಶ್ನೆ, ಕಳೆದ ಏಳು ದಿನದಲ್ಲಿ ನಗೋಕಾಯ್ತಾ, ನಿದ್ದೆ ಬಂತಾ, ನಿಮಗೆ ನೀವೇ ಏನಾದ್ರೂ ಮಾಡ್ಕೋಬೇಕು ಅನ್ಸಿತಾ ಅಂತ. ಹೆತ್ತವರನ್ನ ಖಿನ್ನತೆಗೆ ಪರೀಕ್ಷೆ ಮಾಡ್ಲೇಬೇಕು ಅಂತ ಇಲ್ಲಿ 2006ರಲ್ಲೇ ಕಾನೂನು ಆಗಿದೆ, ದೇಶದಲ್ಲೇ ಮೊದ್ಲು. ಅದಕ್ಕೆ ಸ್ವಲ್ಪ ಮುಂಚೆ ಗವರ್ನರ್ ಆಗಿದ್ದವ್ರ ಹೆಂಡತಿ ಮೇರಿ ಜೋ ಕೋಡಿ ತನಗೇ ಈ ಖಾಯಿಲೆ ಆಗಿತ್ತು ಅಂತ ಎದ್ದು ನಿಂತು ಹೇಳಿದ್ರಿಂದ ಇದಕ್ಕೆ ಬಲ ಬಂತು. 2022ರಿಂದ ಇಡೀ ದೇಶಕ್ಕೆ ತಾಯಂದಿರಿಗೇ ಅಂತ ಹಗಲು ರಾತ್ರಿ ಸಹಾಯವಾಣಿ ಇದೆ. ಬಡವರ ಸರ್ಕಾರಿ ವಿಮೆ ಮೊದ್ಲು ಹೆರಿಗೆ ಆಗಿ 60 ದಿನಕ್ಕೆ ನಿಲ್ತಿತ್ತು, 2021ರ ಕಾನೂನಿಂದ 12 ತಿಂಗಳಿಗೆ ಏರಿಸೋಕೆ ರಾಜ್ಯಗಳಿಗೆ ದಾರಿ ಆಯ್ತು, ಹೆಚ್ಚುಕಮ್ಮಿ ಎಲ್ಲ ರಾಜ್ಯವೂ ಏರಿಸ್ತು.

ಹಾಗಂತ ಇಲ್ಲೆಲ್ಲ ಸ್ವರ್ಗ ಅಲ್ಲ. 2021ರಲ್ಲಿ ಇಲ್ಲಿನ ತಾಯಿ ಮರಣ ಲಕ್ಷಕ್ಕೆ 32.9, ಕಪ್ಪು ಹೆಂಗಸರಲ್ಲಿ 69.9. ಇಷ್ಟು ದುಡ್ಡಿರೋ ದೇಶದಲ್ಲಿ ಆ ವರ್ಷ ಅವ್ರ ಸಾವು ನಮ್ಮ ಕರ್ನಾಟಕದ 63ಕ್ಕಿಂತ ಮೇಲಿತ್ತು. 2023ಕ್ಕೆ ಒಟ್ಟು 18.6ಕ್ಕೆ ಇಳೀತು, ಆದ್ರೆ ಬಿಳಿ ಕಪ್ಪು ಅಂತರ ಹೋಗಿಲ್ಲ.

ಮೇಷ್ಟ್ರು_ಕೋಣಂದೂರು:
ಆ ಹತ್ತು ಪ್ರಶ್ನೆ ಕನ್ನಡದಲ್ಲಿ ಉಂಟಾ?

ನರ್ಸಕ್ಕ:
ಇದೆ ಸರ್. ಎಡಿನ್‌ಬರೋ ಮಾಪನ ಅಂತಾರೆ, 1987ರದ್ದು, ಕನ್ನಡಕ್ಕೆ ತಂದು ನಮ್ಮ ರಾಜ್ಯದ ಹಳ್ಳಿ ತಾಯಂದಿರ ಮೇಲೇ ಪರೀಕ್ಷೆ ಮಾಡಿದಾರೆ. ಓದೋಕೆ ಬರದವ್ರಿಗೆ ನಾವೇ ಓದಿ ಹೇಳ್ಬಹುದು.

ಆಶಾ_ಅಕ್ಕ:
ತುಂಬ ಹೊತ್ತಿಂದ ಓದ್ತಾ ಇದೀನಿ, ಆಶಾ ಬಂದು ತೂಕ ಮಾಡಿ ಹೋದ್ಳು ಅಂತ ಬರೆದಿದ್ದು ನೋಡಿ ಬೇಜಾರಾಯ್ತು, ಆದ್ರೆ ಸುಳ್ಳಲ್ಲ. ನಮ್ಗೆ ಆಸ್ಪತ್ರೆ ಹೆರಿಗೆ ಆದ್ರೆ 3, 7, 14, 21, 28, 42ನೇ ದಿನ ಹೋಗ್ಬೇಕು ಅಂತ ಇದೆ. ಫಾರಂನಲ್ಲಿ ಹೆಚ್ಚಿನದು ಮಗುವಿಂದು. ತಾಯಿಗೆ ಜ್ವರ ಇದ್ಯಾ, ವಾಸನೆ ಸ್ರಾವ ಇದ್ಯಾ, ಹಾಲು ಬರ್ತಿದ್ಯಾ, ಅಸಹಜವಾಗಿ ಮಾತಾಡ್ತಾಳಾ ಅಥವಾ ಫಿಟ್ಸ್ ಬಂತಾ, ಇಷ್ಟು ಕೇಳ್ತೀವಿ. ಕೂಗಾಡೋಳಾದ್ರೆ ಆ ಪ್ರಶ್ನೆಗೆ ಹೌದು ಅಂತ ಟಿಕ್ ಹಾಕ್ತೀವಿ. ಸುಮ್ನೆ ಗೋಡೆ ನೋಡ್ಕೊಂಡು ಕೂತಿರೋಳಿಗೆ ಎಲ್ಲಿ ಟಿಕ್ ಹಾಕ್ಲಿ? ನಮ್ಗೆ ಗೊತ್ತಾಗಲ್ಲ ಅಂತಲ್ಲ. ಒಳಗೆ ಹೋದ ಕೂಡ್ಲೇ ಗೊತ್ತಾಗತ್ತೆ. ಅತ್ತೆ ಪಕ್ಕದಲ್ಲೇ ನಿಂತಿರ್ತಾರೆ, ಕೇಳಿದ್ರೆ ಎಲ್ಲ ಚೆನ್ನಾಗಿದೆ ಅಂತ ಅತ್ತೆನೇ ಉತ್ರ ಕೊಡ್ತಾರೆ. ನಾನು ಈಗ ಮಗು ತೂಕ ಮಾಡೋವಾಗ ಅತ್ತೆ ಕೈಲಿ ಬಿಸಿನೀರು ತರಿಸ್ತೀನಿ, ಆ ಎರಡು ನಿಮಿಷದಲ್ಲಿ ಕೇಳ್ತೀನಿ.

ಎರಡೇ ಪ್ರಶ್ನೆ ಸಾಕು ಅಂತ ತರಬೇತಿಲಿ ಒಬ್ರು ಡಾಕ್ಟ್ರು ಹೇಳ್ಕೊಟ್ಟಿದ್ರು. ಮನಸ್ಸು ಕುಗ್ಗಿದ ಹಾಗೆ ಇದ್ಯಾ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ಸತ್ತಾ. ಹೌದು ಅಂದ್ರೆ ಆಮೇಲೆ ಹತ್ತು ಪ್ರಶ್ನೆ. ಆದ್ರೆ ಇದನ್ನ ಬರೆಯೋ ಜಾಗ ಇಲ್ಲ, ಇದಕ್ಕೆ ದುಡ್ಡೂ ಇಲ್ಲ. 2025ರ ಜನವರಿಲಿ ಚಳೀಲಿ ಫ್ರೀಡಂ ಪಾರ್ಕಲ್ಲಿ ಕೂತ ಮೇಲೆ ತಿಂಗಳಿಗೆ 10 ಸಾವಿರ ಖಾತ್ರಿ ಅಂತ ಮಾತು ಸಿಕ್ಕಿದ್ದು. ಮನಸ್ಸು ನೋಡೋ ಕೆಲಸನೂ ಕೊಡಿ, ಮಾಡ್ತೀವಿ. ಕೆಲಸ ಅಂತ ಲೆಕ್ಕಕ್ಕೆ ಹಿಡೀರಿ.

ಅಂಕಿ_ಅಂಶ:
ಅಕ್ಕ, ನೀವು ಹೇಳಿದ್ದು ಕೆಲಸ ಮಾಡತ್ತೆ ಅನ್ನೋಕೆ ಸಾಕ್ಷಿ ಇದೆ. ಪಾಕಿಸ್ತಾನದ ರಾವಲ್ಪಿಂಡಿ ಹಳ್ಳಿಗಳಲ್ಲಿ ನಿಮ್ಮ ಹಾಗೇ ಮನೆ ಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಖಿನ್ನತೆ ಇರೋ ತಾಯಂದಿರ ಜೊತೆ ಮಾತಾಡಿಸಿದ್ರು, ಮನಸ್ಸಿನ ಡಾಕ್ಟ್ರು ಯಾರೂ ಇಲ್ಲ. ಆರು ತಿಂಗಳ ಮೇಲೆ ನೋಡಿದ್ರೆ ತರಬೇತಿ ಪಡೆದವ್ರು ಹೋದ ಕಡೆ ಖಿನ್ನತೆ ಉಳಿದಿದ್ದು 23 ಪರ್ಸೆಂಟ್ ತಾಯಂದಿರಲ್ಲಿ, ಬೇರೆ ಕಡೆ 53. 2008ರಲ್ಲಿ ಪ್ರಕಟ ಆಯ್ತು, ವಿಶ್ವ ಆರೋಗ್ಯ ಸಂಸ್ಥೆನೇ ಅದನ್ನ ಕೈಪಿಡಿ ಮಾಡ್ತು.

ಭದ್ರಾವತಿ_ಬೆಂಕಿ:
ಆಶಾಗಳಿಗೆ ಈಗ್ಲೇ ಆ್ಯಪು, ಸರ್ವೆ, ಸೊಳ್ಳೆ ಲಾರ್ವಾ ಹುಡುಕೋದು ಅಂತ ಬೆನ್ನು ಮುರಿಯೋ ಕೆಲಸ, ಮೇಲಿಂದ ಇದೂ ಹೊರಿಸ್ಬೇಡಿ.

ಆಶಾ_ಅಕ್ಕ:
ಸರ್ವೆ ತೆಗೀರಿ, ಇದನ್ನ ಕೊಡಿ.

ಸಾಗರದ_ಸೊಸೆ:
ಎಲ್ರಿಗೂ ತುಂಬ ಥ್ಯಾಂಕ್ಸ್. ತಂಗಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಬಂದ್ವಿ. ಅಮ್ಮನ್ನ ಹೊರಗೆ ಕೂರ್ಸಿ ಅವಳ ಹತ್ರ ಒಬ್ಳ ಜೊತೆನೇ ಅರ್ಧ ಗಂಟೆ ಮಾತಾಡಿದ್ರು. ಖಿನ್ನತೆ ಅಂತಲೇ ಹೇಳಿದ್ರು, ಥೈರಾಯ್ಡ್, ರಕ್ತ ಎಲ್ಲ ಟೆಸ್ಟಿಗೆ ಬರೆದು ಸರ್ಟ್ರಾಲಿನ್ ಅನ್ನೋ ಮಾತ್ರೆ ಕೊಟ್ಟಿದಾರೆ. ಈಗ ಮನೇಲಿ ಹಾಲು ಕುಡಿಸೋದು ನಿಲ್ಸು, ಮಗುಗೆ ಮಂಕು ಹಿಡಿಯತ್ತೆ ಅಂತ ಶುರು ಮಾಡಿದಾರೆ. ನಿಜನಾ?

ನರ್ಸಕ್ಕ:
ಒಳ್ಳೇ ಕೆಲಸ ಮಾಡಿದ್ರಿ. ಆ ಮಾತ್ರೆ ಹಾಲಿಗೆ ಹೋಗೋದು ತೀರಾ ಕಮ್ಮಿ, ಹಾಲು ಕುಡಿಸೋ ತಾಯಂದಿರಿಗೆ ಸಾಮಾನ್ಯವಾಗಿ ಮೊದಲು ಆರಿಸೋದೇ ಅದನ್ನ. ಡಾಕ್ಟ್ರು ಬೇಡ ಅನ್ನದ ಹೊರತು ಹಾಲು ನಿಲ್ಲಿಸ್ಬೇಡಿ. ಮಾತ್ರೆ ಹಿಡಿಯೋಕೆ ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಏನೂ ಆಗ್ಲಿಲ್ಲ ಅಂತ ಬಿಡೋದು, ಚೆನ್ನಾದ್ಳು ಅಂತ ಮಧ್ಯದಲ್ಲೇ ನಿಲ್ಲಿಸೋದು ಎರಡೂ ಬೇಡ. ರಾತ್ರಿ ಒಂದು ಸಲ ಮಗುನ ಬೇರೆಯವ್ರು ನೋಡ್ಕೊಂಡು ಅವಳಿಗೆ ಐದು ತಾಸು ಒಟ್ಟಿಗೆ ನಿದ್ದೆ ಸಿಗೋ ಹಾಗೆ ಮಾಡಿ. ಭಾವ, ಅಂದ್ರೆ ತಂಗಿ ಗಂಡ, ಎಲ್ಲಿದಾರೆ?

ಸಾಗರದ_ಸೊಸೆ:
ಅವ್ರು ಅವರ ಮನೇಲಿ, ಅಡಿಕೆ ಕೊನೆ ಕೊಯ್ಲು ಅಂತ. ವಾರಕ್ಕೊಂದ್ಸಲ ಬಂದು ಹೋಗ್ತಾರೆ.

ರಿಪ್ಪನ್‌ಪೇಟೆ_ರೈತ:
ಗಂಡಸರ ಪರವಾಗಿ ಒಂದು ಮಾತು. ಬಾಣಂತನ ತವರಲ್ಲಿ ಅಂತ ಆದ್ಮೇಲೆ ನಮ್ಮನ್ನ ಕೋಣೆ ಹತ್ರನೂ ಬಿಡಲ್ಲ, ಏನಾಗ್ತಿದೆ ಅಂತ ಯಾರೂ ಹೇಳಲ್ಲ. ಕೊಯ್ಲಿಗೆ ಆಳು ಸಿಗದೇ ಇರೋದೂ ನಿಜ. ಆದ್ರೂ ಭಾವಂಗೆ ನೇರ ಫೋನ್ ಮಾಡಿ, ಡಾಕ್ಟ್ರು ಹೇಳಿದ್ದನ್ನ ಹಾಗೇ ಹೇಳಿ. ಅಡಿಕೆ ಒಂದು ವಾರ ತಡ ಆದ್ರೆ ಲೋಡಿಗೆ ರೇಟು ಕಮ್ಮಿ ಆಗತ್ತೆ, ಅಷ್ಟೇ.

ಮೇಷ್ಟ್ರು_ಕೋಣಂದೂರು:
ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿ ಅಂತ ಪ್ರತಿ ಊರಲ್ಲೂ ಇದೆ, ಅದಕ್ಕೆ ವರ್ಷಕ್ಕೆ 10 ಸಾವಿರ ನಿರ್ಬಂಧ ಇಲ್ಲದ ದುಡ್ಡೂ ಬರತ್ತೆ. ನಾನು ನಮ್ಮೂರ ಸಮಿತಿಲಿ ಇದೀನಿ. ಆ ಹತ್ತು ಪ್ರಶ್ನೆ ಕನ್ನಡದ ಹಾಳೆ ಜೆರಾಕ್ಸ್ ಮಾಡ್ಸಿ ನಮ್ಮ ಆಶಾಗೆ ಕೊಡೋದಕ್ಕೆ ಅಡ್ಡಿ ಇಲ್ವಲ್ಲ? ಪಿಎಚ್‌ಸಿ ಡಾಕ್ಟ್ರ ಒಪ್ಪಿಗೆ ಬೇಕಾ?

ನರ್ಸಕ್ಕ:
ಡಾಕ್ಟ್ರಿಗೆ ತಿಳಿಸಿಯೇ ಮಾಡಿ ಸರ್. ಅಂಕ 13 ಅಥವಾ ಅದಕ್ಕಿಂತ ಹೆಚ್ಚು ಬಂದವ್ರನ್ನ, ಕೊನೇ ಪ್ರಶ್ನೆಗೆ ಹೌದು ಅಂದವ್ರನ್ನ ಅಂಕ ಎಷ್ಟೇ ಇದ್ರೂ, ಎಲ್ಲಿಗೆ ಕಳ್ಸೋದು ಅಂತ ಮೊದ್ಲೇ ಮಾತಾಡಿ ಇಟ್ಕೊಂಡಿರ್ಬೇಕು. ಕೇಳಿ ಸುಮ್ನೆ ಬಿಡೋದು ಕೇಳ್ದೇ ಇರೋದಕ್ಕಿಂತ ಕೆಟ್ಟದ್ದು.

ಆಶಾ_ಅಕ್ಕ:
ಮೇಷ್ಟ್ರೇ, ಹಾಳೆ ಮಾಡ್ಸಿದ್ರೆ ನಮ್ಮ ಕಡೆಗೂ ಒಂದಿಪ್ಪತ್ತು ಕಳ್ಸಿ. 42ನೇ ದಿನಕ್ಕೆ ನಿಲ್ಲಿಸದೆ ಲಸಿಕೆಗೆ ಬರೋವಾಗ್ಲೂ ಕೇಳ್ತೀನಿ, ಹತ್ತು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಮಗುನ ಎತ್ಕೊಂಡು ಹೇಗಿದ್ರೂ ಬಂದೇ ಬರ್ತಾರೆ.

ಮೇಷ್ಟ್ರು_ಕೋಣಂದೂರು:
ಐವತ್ತು ಮಾಡಿಸ್ತೀನಿ. ಶಿವಮೊಗ್ಗ ಬಸ್ಸಿಗೆ ಕೊಟ್ಟು ಕಳ್ಸಿದ್ರೆ ಸಿಗತ್ತಾ ನಿಮಗೆ, ಇಲ್ಲ ಪೋಸ್ಟಾ?

ಆಶಾ_ಅಕ್ಕ:
ಬಸ್ಸಿಗೇ ಕೊಡಿ, ಬೇಗ ಬರತ್ತೆ.